ರಿಫಾಕ್ಸಿಮಿನ್ ಮಾತ್ರೆ: ಯಾವುದಕ್ಕೆ, ಎಷ್ಟು ದಿನ, ಯಾವಾಗ ಬೇಡ

ಡಾಕ್ಟರ್ ಚೀಟಿಯಲ್ಲಿ ರಿಫಾಕ್ಸಿಮಿನ್ ಅಂತಿದೆಯಾ? ರಿಫಾಗಟ್ ಅಂತ ಮೆಡಿಕಲ್ ಶಾಪಲ್ಲಿ ಕೊಡೋದೂ ಇದೇ. ಇದು ಆಂಟಿಬಯಾಟಿಕ್, ಆದರೆ ಬೇರೆಯವುಗಳ ಹಾಗಲ್ಲ. ರಕ್ತಕ್ಕೆ ಸೇರೋದು ತೀರಾ ಕಡಿಮೆ, ನುಂಗಿದ್ದೆಲ್ಲ ಹೆಚ್ಚುಕಮ್ಮಿ ಕರುಳಲ್ಲೇ ಉಳಿದು, ಅಲ್ಲಿನ ಬ್ಯಾಕ್ಟೀರಿಯಾ ಮೇಲೆ ಕೆಲಸ ಮಾಡಿ, ಮಲದ ಜೊತೆ ಹೊರಗೆ ಹೋಗುತ್ತದೆ. ಹಾಗಾಗಿ ಮಿಕ್ಕಿದ ಮಾತ್ರೆಯನ್ನು ಗಂಟಲು ನೋವಿಗೋ ಉರಿಮೂತ್ರಕ್ಕೋ ನುಂಗಿದರೆ ಏನೂ ಪ್ರಯೋಜನವಿಲ್ಲ.

ಕಾಯಿಲೆ ಬದಲಾದರೆ ಡೋಸ್ ಪೂರ್ತಿ ಬದಲಾಗುತ್ತದೆ. ಪ್ರವಾಸದಲ್ಲಿ ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾದಿಂದ ಬರುವ ಭೇದಿಗೆ 200 ಮಿ.ಗ್ರಾಂ, ದಿನಕ್ಕೆ ಮೂರು ಸಲ, 3 ದಿನ. ಹೊಟ್ಟೆನೋವಿನ ಜೊತೆ ಪದೇ ಪದೇ ಕಾಡುವ ಕರುಳಿನ ತೊಂದರೆಯಾದ, ಭೇದಿ ಜಾಸ್ತಿ ಇರುವ ಐಬಿಎಸ್‌ಗೆ 550 ಮಿ.ಗ್ರಾಂ ಮೂರು ಸಲ, 14 ದಿನ. ಅದಕ್ಕೇ ಪಕ್ಕದ ಮನೆಯವರ ಚೀಟಿ ನೋಡಿ ತಗೊಳ್ಳಬೇಡಿ. ಊಟದ ಮೊದಲೋ ಆಮೇಲೋ ಅನ್ನೋ ಗೊಂದಲ ಬೇಡ, ಹೇಗಾದರೂ ಆಗುತ್ತದೆ. ಭೇದಿ ಇದ್ದರೆ ಓಆರ್‌ಎಸ್ ಮಾತ್ರ ಬಿಡಬೇಡಿ, ಹೋದ ನೀರನ್ನು ಈ ಮಾತ್ರೆ ವಾಪಸ್ ತರೋದಿಲ್ಲ.

ಭೇದಿ ಜೊತೆ ಜ್ವರ ಇದ್ದರೆ, ಮಲದಲ್ಲಿ ರಕ್ತ ಕಂಡರೆ ಇದು ಸರಿಯಾದ ಔಷಧಿ ಅಲ್ಲ. ರೋಗಾಣು ಕರುಳಿನ ಗೋಡೆಯೊಳಗೆ ನುಗ್ಗಿರಬಹುದು, ಅಲ್ಲಿಗೆ ಇದು ಮುಟ್ಟೋದಿಲ್ಲ. ಒಂದೆರಡು ದಿನ ತಗೊಂಡರೂ ಭೇದಿ ನಿಲ್ಲದಿದ್ದರೆ ಮತ್ತೆ ಡಾಕ್ಟರ್ ಹತ್ತಿರ ಹೋಗಿ.

ಟಿಬಿಗೆ ಕೊಡುವ ರಿಫಾಂಪಿಸಿನ್ ಇದರದೇ ಕುಟುಂಬ. ಹಿಂದೆ ಅದು ಮೈಗೆ ಆಗದೆ ದದ್ದು ಬಂದಿದ್ದರೆ ಹೇಳಿಬಿಡಿ, ಕೇಳಲಿ ಅಂತ ಕಾಯಬೇಡಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಸೈಕ್ಲೋಸ್ಪೋರಿನ್ ತಗೊಳ್ಳುವವರೂ, ಗರ್ಭಿಣಿಯರೂ ಮೊದಲೇ ತಿಳಿಸಬೇಕು. ವಾಕರಿಕೆ, ತಲೆಸುತ್ತು, ಕಾಲು ಊತ ಕೆಲವರಿಗೆ ಬರುತ್ತದೆ. ಕೋರ್ಸ್ ಮುಗಿದು ವಾರಗಳಾದ ಮೇಲೆ ಮತ್ತೆ ಜೋರಾಗಿ ಭೇದಿ ಶುರುವಾದರೆ ಸುಮ್ನೆ ಅದೇ ಮಾತ್ರೆ ತರಬೇಡಿ, ಸಿ. ಡಿಫಿಸಿಲ್ ಅನ್ನೋ ಬ್ಯಾಕ್ಟೀರಿಯಾ ಬೆಳೆದಿರಬಹುದು.

ಲಿವರ್ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವ ಕಾಯಿಲೆ) ಇರುವವರ ಕಥೆಯೇ ಬೇರೆ. ಕರುಳಲ್ಲಿ ಬ್ಯಾಕ್ಟೀರಿಯಾದಿಂದ ಹುಟ್ಟುವ ಅಮೋನಿಯಾವನ್ನು ಕೆಟ್ಟ ಲಿವರ್ ಶುದ್ಧ ಮಾಡಲಾರದೆ ಅದು ಮೆದುಳಿಗೆ ಏರಿ ಮನುಷ್ಯ ಮಂಕಾಗುತ್ತಾನೆ. ಆ ಬ್ಯಾಕ್ಟೀರಿಯಾ ತಗ್ಗಿಸಲು 550 ಮಿ.ಗ್ರಾಂ ದಿನಕ್ಕೆರಡು ಸಲ, ಸಾಮಾನ್ಯವಾಗಿ ಮಲ ಸಡಿಲ ಮಾಡುವ ಲ್ಯಾಕ್ಟುಲೋಸ್ ಸಿರಪ್ ಜೊತೆ, ತಿಂಗಳುಗಟ್ಟಲೆ ಕೊಡುತ್ತಾರೆ. ಮಾತ್ರೆ ದುಬಾರಿ, ಮನೆಯವರು 'ಈಗ ಚೆನ್ನಾಗಿದ್ದಾರಲ್ವಾ' ಅಂತ ನಿಲ್ಲಿಸಿಬಿಡೋದು ಇಲ್ಲೇ. ನಿಲ್ಲಿಸಬೇಡಿ. ಹಗಲೆಲ್ಲ ನಿದ್ದೆ, ರಾತ್ರಿ ಎಚ್ಚರ, ಮಾತು ತೊದಲು, ಕೈ ನಡುಕ ಕಂಡರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.