ಸ್ಪೋರ್ಟ್ಸ್ ಕಾರಿನ ಎಸಿ: ಕೊನೆಗೆ ಸಿಕ್ಕಿದ್ದು ಅರ್ಥ್ ದೋಷ

ನನ್ನ ಎರಡು ಸೀಟಿನ ಹಳೇ ಸ್ಪೋರ್ಟ್ಸ್ ಕಾರಿನಲ್ಲಿ ಹೆಡ್‌ಲೈಟ್ ಹಾಕಿದರೆ ಬೆಳಕು ಮಂಕು. ಜೊತೆಗೆ ಎಸಿ ಕಂಪ್ರೆಸರ್ ಕ್ಲಚ್ (ಕಂಪ್ರೆಸರನ್ನು ಇಂಜಿನ್‌ಗೆ ಜೋಡಿಸುವ ಭಾಗ) ಟಕ್ ಅಂತ ಬಿಟ್ಟುಕೊಳ್ಳುತ್ತಿತ್ತು. ಎರಡು ಸಲ ಗ್ಯಾಸ್ ತುಂಬಿಸಿದೆ, ರಿಲೇ ಬದಲಿಸಿದೆ, ಹೊಸ ಬ್ಯಾಟರಿಯನ್ನೂ ಹಾಕಿಸಿದೆ. ಸುಮ್ನೆ ದುಡ್ಡು ಹೋಯ್ತು.

ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಡಿ. ಇಂಜಿನ್ ಚಾಲೂ, ಎಸಿ, ಹೆಡ್‌ಲೈಟ್, ರೇಡಿಯೇಟರ್ ಫ್ಯಾನ್ ಎಲ್ಲಾ ಆನ್. ಲೋಡ್ ಇಲ್ಲದೆ, ಅಂದರೆ ಇವೆಲ್ಲ ಆಫ್ ಇದ್ದಾಗ ಅಳೆದರೆ ಈ ದೋಷ ಕಾಣೋದೇ ಇಲ್ಲ. ಕಪ್ಪು ಪ್ರೋಬ್ ಬ್ಯಾಟರಿ ನೆಗೆಟಿವ್‌ಗೆ, ಕೆಂಪು ಪ್ರೋಬ್ ಹೆಡ್‌ಲೈಟ್ ಹಿಂದಿನ ಅರ್ಥ್ ವೈರಿನ (ಕರೆಂಟನ್ನು ಬಾಡಿ ಮೂಲಕ ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಒಯ್ಯುವ ವೈರು) ತುದಿಯ ರಿಂಗ್‌ಗೆ. ಬಾಡಿಗಲ್ಲ, ರಿಂಗ್‌ಗೇ. ಈ ದಾರಿಯಲ್ಲಿ ನಷ್ಟವಾಗುವ ವೋಲ್ಟೇಜ್ 0.2 ವೋಲ್ಟ್ ಒಳಗಿರಬೇಕು; ನನಗೆ 3.1 ಬಂತು. ಲೈಟು, ಫ್ಯಾನು, ಕ್ಲಚ್ ಮೂರಕ್ಕೂ ಅದೊಂದೇ ಅರ್ಥ್!

ಬ್ಯಾಟರಿ ನೆಗೆಟಿವ್ ಕಳಚಿ ಆ ರಿಂಗಿನ ಬೋಲ್ಟ್ ಬಿಚ್ಚಿದೆ. ರಿಂಗ್ ತುಂಬಾ ಹಸಿರು ಕಿಲುಬು, ಕೆಳಗಿನ ಬಾಡಿಯಲ್ಲಿ ತುಕ್ಕು. ಎರಡನ್ನೂ ಹೊಳೆಯುವ ತನಕ ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿದೆ. ಅದೇ ಲೋಡ್‌ನಲ್ಲಿ ಈಗ 0.06.