ಕ್ರೊಯೇಷಿಯಾದ ವೈನ್ ಸವಿಯುವುದು ಹೇಗೆ? ಮೂರು ಬಾಟಲಿ, ಒಂದು ಸಂಜೆ

ಕ್ರೊಯೇಷಿಯಾದಲ್ಲಿ ತಯಾರಾಗುವ ವೈನಿನ ಬಹುಪಾಲು ಅಲ್ಲಿಯವರ ಊಟದ ಮೇಜಿಗೂ ಬೇಸಿಗೆಯಲ್ಲಿ ಆಡ್ರಿಯಾಟಿಕ್ ಕರಾವಳಿಗೆ ಬರುವ ಪ್ರವಾಸಿಗರಿಗೂ ಖರ್ಚಾಗಿಬಿಡುವುದರಿಂದ ನಮ್ಮ ಅಂಗಡಿಗಳಲ್ಲಿ ಅದು ಸುಲಭವಾಗಿ ಸಿಗುವುದಿಲ್ಲ. ದುಬ್ರೋವ್ನಿಕ್, ಸ್ಪ್ಲಿಟ್ ನೋಡಲು ಹೋದವರು ಬರುವಾಗ ತರುವುದು, ಇಲ್ಲವೇ ಯುರೋಪಿನಲ್ಲಿ ನೆಲೆಸಿದ ನೆಂಟರಿಗೆ ಹೇಳಿ ತರಿಸುವುದೇ ಸದ್ಯದ ದಾರಿ. ವಿದೇಶದಿಂದ ಬರುವ ಪ್ರಯಾಣಿಕರು ಸುಂಕವಿಲ್ಲದೆ ತಲಾ 2 ಲೀಟರ್ ಮದ್ಯ ತರಬಹುದು. 750 ಮಿಲಿಲೀಟರಿನ ಎರಡು ಬಾಟಲಿ, ಜೊತೆಗೆ ಅರ್ಧ ಲೀಟರಿನ ಒಂದು ಚಿಕ್ಕ ಬಾಟಲಿ ಸೇರಿದರೆ ಲೆಕ್ಕ ಸರಿಯಾಗುತ್ತದೆ; ಈ ಲೇಖನವೂ ಆ ಮೂರೇ ಬಾಟಲಿಗಳ ಸುತ್ತ ಇದೆ.

ಲೇಬಲ್ ಓದಿಕೊಳ್ಳಿ

ಅಂಗಡಿಗೆ ಹೋಗುವ ಮೊದಲು ಐದಾರು ಪದ ಗೊತ್ತಿದ್ದರೆ ಸಾಕು. 'ಬಿಯೆಲೊ' ಎಂದರೆ ಬಿಳಿ. ನಾವು ಕೆಂಪು ಎನ್ನುವ ವೈನನ್ನು ಅಲ್ಲಿಯವರು 'ತ್ಸರ್ನೊ', ಅಂದರೆ ಕಪ್ಪು, ಎನ್ನುತ್ತಾರೆ. ಅವರ ದಕ್ಷಿಣದ ವೈನನ್ನು ಲೋಟಕ್ಕೆ ಬಗ್ಗಿಸಿ ನೋಡಿದವರಿಗೆ ಆ ಹೆಸರೇ ಸರಿಯೆನಿಸುತ್ತದೆ. 'ಸುಹೊ' ಎಂದಿದ್ದರೆ ಸಿಹಿಯಿಲ್ಲದ್ದು, 'ಸ್ಲಾತ್ಕೊ' ಎಂದಿದ್ದರೆ ಸಿಹಿ. 'ಬೆರ್ಬಾ' ಎಂಬ ಪದದ ಪಕ್ಕದಲ್ಲಿರುವುದು ದ್ರಾಕ್ಷಿ ಕೊಯ್ದ ವರ್ಷ. 'ಕ್ವಾಲಿತೆತ್ನೊ' ಒಳ್ಳೆಯ ದರ್ಜೆಯನ್ನೂ 'ವರ್ಹುನ್ಸ್ಕೊ' ಅದಕ್ಕಿಂತ ಮೇಲಿನ ದರ್ಜೆಯನ್ನೂ ಸೂಚಿಸುತ್ತವೆ. ಆದರೆ ದರ್ಜೆಗಿಂತ ತಳಿ ಮತ್ತು ಊರಿನ ಹೆಸರುಗಳನ್ನು ನೋಡಿ ಆರಿಸುವುದೇ ಮೇಲು, ಏಕೆಂದರೆ ಈ ಪುಟ್ಟ ದೇಶದ ಹೆಚ್ಚುಗಾರಿಕೆ ಇರುವುದು ಬೇರೆಡೆ ಅಪರೂಪವಾದ ಅದರ ಸ್ಥಳೀಯ ತಳಿಗಳಲ್ಲಿ.

ಬಿಳಿ ಬಾಟಲಿ

ಒಳನಾಡಾದ ಸ್ಲಾವೋನಿಯಾದಲ್ಲಿ ಗ್ರಾಶೆವಿನಾ, ವಾಯವ್ಯದ ಇಸ್ತ್ರಿಯಾದಲ್ಲಿ ಮಾಲ್ವಾಜಿಯಾ, ದಕ್ಷಿಣದ ಕೊರ್ಚುಲಾ ದ್ವೀಪದಲ್ಲಿ ಪೊಶಿಪ್ ಮುಖ್ಯ ಬಿಳಿ ತಳಿಗಳು. ಗ್ರಾಶೆವಿನಾ ಹಸಿರು ಸೇಬಿನಂತೆ ಹಗುರ. ಅದರ ಪ್ರಸಿದ್ಧ ಊರಾದ ಕುತ್ಯೆವೊದ ನೆಲಮಾಳಿಗೆಯ ಚರಿತ್ರೆ 1232ರ ಕ್ರೈಸ್ತ ಸನ್ಯಾಸಿಗಳಿಂದ ಶುರುವಾಗುತ್ತದೆ. ಮೊದಲ ಸಲಕ್ಕೆ ಪೊಶಿಪ್ ತರಲು ನನ್ನ ಸಲಹೆ. ಏಪ್ರಿಕಾಟ್ ಪರಿಮಳವಿರುವ ಅದರ ಮೈ ತುಂಬಿಕೊಂಡಿರುತ್ತದೆ, ಮೀನಿಗೂ ಚೆನ್ನಾಗಿ ಹೊಂದುತ್ತದೆ. ಅದೇ ದ್ವೀಪದ ಲುಂಬಾರ್ದಾ ಎಂಬ ಊರಿನ ಮರಳು ನೆಲದಲ್ಲಿ ಬೆಳೆಯುವ ಗರ್ಕ್ ಎಂಬ ತಳಿಯ ಹೂವುಗಳು ಹೆಣ್ಣು ಹೂವಿನಂತೆ ಮಾತ್ರ ಕೆಲಸ ಮಾಡುವುದರಿಂದ, ಪರಾಗಕ್ಕಾಗಿ ಪಕ್ಕದಲ್ಲಿ ಬೇರೆ ತಳಿಯ ಬಳ್ಳಿ ನೆಡದೆ ಅದು ಕಾಯಿ ಕಟ್ಟುವುದಿಲ್ಲ. ಸಿಕ್ಕರೆ ಬಿಡಬೇಡಿ.

ಕಪ್ಪು ಬಾಟಲಿ

ಇಲ್ಲಿ ಆಯ್ಕೆಯ ಗೊಂದಲವಿಲ್ಲ, ಪ್ಲಾವಾತ್ಸ್ ಮಾಲಿಯನ್ನೇ ತರಬೇಕು. ಹೆಸರಿನ ಅರ್ಥ 'ಪುಟ್ಟ ನೀಲಿ'. ಈ ದ್ರಾಕ್ಷಿಯ ಒಂದು ಗೊಂಚಲನ್ನು ಕೊಯ್ಲಿನ ಹೊತ್ತಿಗೆ ಹತ್ತಿರದಿಂದ ನೋಡಿದರೆ ಪೂರ್ತಿ ಹಣ್ಣಾದವು, ಇನ್ನೂ ಹಸಿರಾಗಿರುವವು, ಬಿಸಿಲಿಗೆ ಸುಕ್ಕಾಗಿ ಒಣದ್ರಾಕ್ಷಿಯೇ ಆಗಿಹೋದವು ಒಟ್ಟಿಗೆ ಇರುತ್ತವೆ. ವೈನಿನಲ್ಲಿ ಒಣ ಅಂಜೂರದ ಸಿಹಿವಾಸನೆಯೂ ಬಾಯಿ ಹಿಡಿಯುವ ಒಗರೂ ಒಂದೇ ಗುಟುಕಿನಲ್ಲಿ ಬರುವುದು ಇದರಿಂದಲೇ.

ಇದರ ಅತ್ಯುತ್ತಮ ನೆಲೆ ಪೆಲ್ಯೇಶಾತ್ಸ್ ಪರ್ಯಾಯದ್ವೀಪದ ದಿಂಗಾಚ್. 1961ರಲ್ಲೇ ಕಾನೂನಿನ ರಕ್ಷಣೆ ಪಡೆದ ಈ ಇಳಿಜಾರು ಕಾಲು ನಿಲ್ಲದಷ್ಟು ಕಡಿದಾಗಿದ್ದು, ನೇರ ಸಮುದ್ರಕ್ಕೆ ಇಳಿಯುತ್ತದೆ. ಆಕಾಶದ ಸೂರ್ಯ ಒಂದು, ನೀರಿನಿಂದ ಪುಟಿಯುವುದು ಎರಡನೆಯದು, ಬಿಳಿ ಸುಣ್ಣಕಲ್ಲಿನಿಂದ ಪುಟಿಯುವುದು ಮೂರನೆಯದು ಎಂದು ಅಲ್ಲಿಯ ಬೆಳೆಗಾರರು ಹೇಳುತ್ತಾರೆ. ಮೊದಲೆಲ್ಲ, ಕೊಯ್ದ ದ್ರಾಕ್ಷಿಯನ್ನು ಕತ್ತೆಗಳ ಮೇಲೆ ಹೇರಿಕೊಂಡು ಗುಡ್ಡ ಹತ್ತಿ ಇಳಿದು ಊರಿಗೆ ತರಬೇಕಿತ್ತು. 1970ರ ದಶಕದಲ್ಲಿ ಪೊತೊಮ್ಯೆ ಊರಿನವರು ಗುಡ್ಡ ಕೊರೆದು ಸುಮಾರು 400 ಮೀಟರ್ ಸುರಂಗ ಮಾಡಿಕೊಂಡ ಮೇಲೆ ಆ ಕಷ್ಟ ತಪ್ಪಿತು. ಅಷ್ಟು ಬಿಸಿಲುಂಡ ಹಣ್ಣಿನ ವೈನಿನಲ್ಲಿ ಮದ್ಯಸಾರ ಶೇ 14–15ರಷ್ಟಿರುವುದು ಸಾಮಾನ್ಯ, ಆದ್ದರಿಂದ ಲೋಟಕ್ಕೆ ಸ್ವಲ್ಪವೇ ಬಗ್ಗಿಸಿ.

ಈ ತಳಿಯ ವಂಶಕಥೆಯೂ ಸ್ವಾರಸ್ಯವಾಗಿದೆ. ಪ್ಲಾವಾತ್ಸ್ ಮಾಲಿಯ ನಾಡಿನವರೇ ಆದ ಮೈಕ್ ಗರ್ಗಿಚ್ ಅಮೆರಿಕಕ್ಕೆ ವಲಸೆ ಹೋಗಿ, ಅವರು ತಯಾರಿಸಿದ ಬಿಳಿ ವೈನ್ 1976ರ ಪ್ಯಾರಿಸ್ ಸ್ಪರ್ಧೆಯಲ್ಲಿ ಫ್ರೆಂಚರ ವೈನುಗಳನ್ನು ಹಿಂದೆ ಹಾಕಿತು. ಕ್ಯಾಲಿಫೋರ್ನಿಯಾದ ಜಿನ್ಫಂಡೆಲ್ ಬಳ್ಳಿ ತಮ್ಮ ನಾಡಿನ ಬಳ್ಳಿಯಂತೆಯೇ ಇದೆಯೆಂದು ಅವರಿಗೆ ಮೊದಲಿನಿಂದಲೂ ಅನಿಸುತ್ತಿತ್ತು. ಕ್ಯಾಲಿಫೋರ್ನಿಯಾದ ವಿಜ್ಞಾನಿ ಕ್ಯಾರೊಲ್ ಮೆರೆಡಿತ್ ಅವರು ಜಾಗ್ರೆಬ್ ವಿಶ್ವವಿದ್ಯಾಲಯದ ಇವಾನ್ ಪೇಯಿಚ್, ಎದಿ ಮಾಲೆತಿಚ್ ಅವರೊಂದಿಗೆ ಡಿಎನ್‌ಎ ಪರೀಕ್ಷೆ ನಡೆಸಿದಾಗ ಅದು ಪ್ಲಾವಾತ್ಸ್ ಮಾಲಿ ಅಲ್ಲ, ಅದರ ಹೆತ್ತ ತಳಿಗಳಲ್ಲೊಂದು ಎಂದು ಗೊತ್ತಾಯಿತು. 2001ರಲ್ಲಿ ಸ್ಪ್ಲಿಟ್ ಸಮೀಪದ ಕಾಶ್ತೆಲ್ ನೊವಿಯ ತೋಟವೊಂದರಲ್ಲಿ ಮೂಲ ಬಳ್ಳಿಯೇ ಸಿಕ್ಕಿತು. ನಾಸಿಕ್ ಕಡೆ ಬೆಳೆದು ಬಾಟಲಿಗೆ ಇಳಿಯುವ ಜಿನ್ಫಂಡೆಲ್ ಕೂಡ ಇದೇ ಮನೆತನದ್ದು. ಕ್ರೊಯೇಷಿಯಾದ ಬಾಟಲಿ ಸಿಗುವವರೆಗೆ ಕಾಯುವ ತಾಳ್ಮೆಯಿಲ್ಲದವರು ಅದರಿಂದಲೇ ಶುರು ಮಾಡಬಹುದು.

ಚಿಕ್ಕ ಬಾಟಲಿ

ಇದು ಪ್ರೊಶೆಕ್, ಒಣಗಿಸಿದ ದ್ರಾಕ್ಷಿಯಿಂದ ಮಾಡುವ, ದಕ್ಷಿಣದ ಕರಾವಳಿ ಪ್ರದೇಶವಾದ ದಾಲ್ಮೇಶಿಯಾದ ಸಿಹಿ ವೈನ್. ಇಟಲಿಯ ನೊರೆಯುಕ್ಕುವ ಪ್ರೊಸೆಕ್ಕೊಗೂ ಇದಕ್ಕೂ ಹೆಸರಿನ ಹೋಲಿಕೆ ಬಿಟ್ಟರೆ ಸಂಬಂಧವಿಲ್ಲ. ಆದರೂ 2013ರ ಜುಲೈ 1ರಂದು ಕ್ರೊಯೇಷಿಯಾ ಯುರೋಪಿಯನ್ ಒಕ್ಕೂಟಕ್ಕೆ ಸೇರಿದಂದಿನಿಂದ ಈ ಹೋಲಿಕೆಯೇ ತಕರಾರಾಗಿದೆ. ಹಾಗಾಗಿ ಲೇಬಲಿನಲ್ಲಿ ಆ ಹೆಸರು ಕಾಣದಿದ್ದರೆ ಒಣದ್ರಾಕ್ಷಿಯ ಸಿಹಿ ವೈನ್ ಬೇಕೆಂದು ಬಾಯಿಬಿಟ್ಟು ಕೇಳಿ.

ಸಂಜೆಯ ಸಿದ್ಧತೆ

ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕೆಂಬ ಮಾತು ಹುಟ್ಟಿದ್ದು ಚಳಿದೇಶದ ಮನೆಗಳಲ್ಲಿ. ಏಪ್ರಿಲ್ ತಿಂಗಳ ಮಂಗಳೂರಿಗೆ ಅದು ಹೊಂದುವುದಿಲ್ಲ. ಪ್ಲಾವಾತ್ಸ್ ಮಾಲಿಯನ್ನು ಅರ್ಧ ಗಂಟೆಯಾದರೂ ಫ್ರಿಜ್ಜಿನಲ್ಲಿಟ್ಟು 16–18 ಡಿಗ್ರಿಗೆ ಇಳಿಸಿ, ಮುಚ್ಚಳ ತೆಗೆದು ಬಾಯಗಲದ ಹೂಜಿಗೆ ಬಗ್ಗಿಸಿ ಸ್ವಲ್ಪ ಹೊತ್ತು ಬಿಡಿ. ಪೊಶಿಪ್ ತೀರಾ ತಣ್ಣಗಿದ್ದರೆ ಪರಿಮಳ ಏಳುವುದಿಲ್ಲವಾದ್ದರಿಂದ ಅದನ್ನು ಹದಿನೈದು ನಿಮಿಷ ಮೊದಲೇ ಹೊರಗಿಡಿ. ಬಿಳಿ, ಕಪ್ಪು, ಸಿಹಿ ಎಂಬ ಕ್ರಮ ತಪ್ಪಿಸಬೇಡಿ. ಸಿಹಿಯ ಮೇಲೆ ಏನು ಕುಡಿದರೂ ಬರೀ ಹುಳಿ ಎನಿಸುತ್ತದೆ.

ರುಚಿ ಗುರುತಿಸಲು ಪರದೇಶದ ಹಣ್ಣುಗಳ ಪಟ್ಟಿ ಹಿಡಿದು ಕೂರಬೇಕಿಲ್ಲ. ಮೊದಲು ಮೂಸಿ, ಒಂದು ಗುಟುಕನ್ನು ಬಾಯಲ್ಲಿ ಆಡಿಸಿ, ಹುಳಿ ಎಲ್ಲಿ ಚುರುಕಾಯಿತು, ಬಾಳೆಕಾಯಿ ಕಚ್ಚಿದಂತೆ ಒಗರು ಎಷ್ಟು ಹೊತ್ತು ವಸಡು ಹಿಡಿಯಿತು, ನುಂಗಿದ ಮೇಲೆ ಏನು ಉಳಿಯಿತು ಎಂದು ಗಮನಿಸಿ. ಒಗರು ಎಂಬ ಇಷ್ಟು ಖಚಿತವಾದ ಪದ ನಮ್ಮಲ್ಲಿರುವಾಗ ಬೇರೆ ಪದ ಹುಡುಕುವುದೇಕೆ?

ದಾಲ್ಮೇಶಿಯಾದಲ್ಲಿ ಕಪ್ಪು ವೈನಿನ ಜೊತೆ ಪಶ್ತಿತ್ಸಾದಾ ಎಂಬ ನಿಧಾನವಾಗಿ ಬೇಯಿಸಿದ ದನದ ಮಾಂಸವನ್ನೋ ಪಾಗ್ ದ್ವೀಪದ ಕುರಿಹಾಲಿನ ಚೀಸನ್ನೋ ಇಡುತ್ತಾರೆ. ನಮ್ಮ ಮೇಜಿನಲ್ಲಿ ಪೊಶಿಪ್ ಜೊತೆಗೆ ಖಾರ ಕಡಿಮೆ ಹಾಕಿ ಹುರಿದ ಕಾಣೆ ಮೀನು ಸೊಗಸು. ಕೋಳಿ ಸುಕ್ಕ ಮಾತ್ರ ಪ್ಲಾವಾತ್ಸ್ ಮಾಲಿಯ ಹತ್ತಿರ ಬೇಡ. ಮದ್ಯಸಾರ ಹೆಚ್ಚಿರುವ ವೈನ್ ಮೆಣಸಿನ ಉರಿಯನ್ನು ಇನ್ನಷ್ಟು ಕೆರಳಿಸುತ್ತದೆ. ಅಲ್ಲಿಯ ಜನ ದಿನಬಳಕೆಯ ವೈನಿಗೆ ನೀರು ಬೆರೆಸಲು ಹಿಂಜರಿಯುವುದಿಲ್ಲ. ಬಿಳಿಗೆ ಗುಳ್ಳೆನೀರು ಸೇರಿದರೆ ಗೆಮಿಷ್ಟ್, ಕಪ್ಪಿಗೆ ಬರೀ ನೀರು ಸೇರಿದರೆ ಬೆವಾಂದಾ. ದಿಂಗಾಚ್‌ಗೆ ಹೀಗೆ ಮಾಡುವುದು ದಂಡ.

ದಿನ ಆರಿಸುವುದಾದರೆ ನವೆಂಬರ್ 11ರ ಮಾರ್ತಿನ್ಯೆ ಇದೆ, ಅಂದರೆ ಸಂತ ಮಾರ್ಟಿನ್ನನ ಹಬ್ಬ. ಅಂದು ಉತ್ತರ ಕ್ರೊಯೇಷಿಯಾದಲ್ಲಿ ಒಬ್ಬ ಬಿಷಪ್ಪನ ವೇಷ ಹಾಕಿ, ಹೊಸ ದ್ರಾಕ್ಷಿರಸಕ್ಕೆ ನಗೆಯಾಟದ ಮಂತ್ರ ಹೇಳಿ ದೀಕ್ಷಾಸ್ನಾನ ಮಾಡಿಸುತ್ತಾನೆ; ಅಲ್ಲಿಯವರೆಗೆ 'ಮೊಶ್ತ್' ಆಗಿದ್ದ ರಸ ಅಲ್ಲಿಂದ ಮುಂದೆ ವೈನ್. ಆಮೇಲೆ ಹುರಿದ ಬಾತಿನ ಊಟ. ನವೆಂಬರ್ ತಪ್ಪಿದರೆ ಜನವರಿ 22ರ ವಿನ್ತ್ಸೆಕೊವೊ ಬರುತ್ತದೆ. ಆ ದಿನ ಬೆಳೆಗಾರರು ತೋಟಕ್ಕೆ ಹೋಗಿ ಬಳ್ಳಿಯ ಬುಡಕ್ಕೆ ಹಳೆಯ ವೈನ್ ಚಿಮುಕಿಸಿ, ಫಸಲು ಅಷ್ಟೇ ಜೋಲಲೆಂದು ಬಳ್ಳಿಗೆ ಸಾಸೇಜು ನೇತುಹಾಕುತ್ತಾರೆ. ಯಾವ ದಿನವಾದರೂ ಸರಿ, ಲೋಟ ಎತ್ತುವಾಗ ಎದುರಿನವರ ಕಣ್ಣು ನೋಡಿ 'ಝೀವ್ಯೆಲಿ' ಎನ್ನಬೇಕು. ಲೋಟದ ಕಡೆ ನೋಡುತ್ತ ಹಾಗೆ ಹೇಳುವುದು ಅಲ್ಲಿ ಮರ್ಯಾದೆಯಲ್ಲ.