ಮಾನಸಿಕ ಕಾಯಿಲೆ ಇರುವವರಿಗೆ ಒಡನಾಡಿಯಾಗುವುದು ಹೇಗೆ?

ಕಲಬುರಗಿಯಲ್ಲಿ ನಾನು ಕಂಡ ಹೊಸ ಸ್ವಯಂಸೇವಕರಲ್ಲಿ ಹೆಚ್ಚಿನವರು ಎಡವುವ ರೀತಿ ಒಂದೇ. ಮೊದಲ ಭೇಟಿಗೆ ಸೇಬಿನ ಚೀಲ ಹಿಡಿದು ಬರುತ್ತಾರೆ, ಅರ್ಧ ಗಂಟೆ ಧೈರ್ಯ ಹೇಳುತ್ತಾರೆ, ಹೊರಡುವಾಗ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುತ್ತಾರೆ, ಮೂರನೆಯ ವಾರಕ್ಕೆ ಕಾಣೆಯಾಗುತ್ತಾರೆ. ಇಲ್ಲದ ದನಿ ಕೇಳಿಸುವ, ಇಲ್ಲದ ಅನುಮಾನ ಕಾಡುವ ಸ್ಕಿಜೋಫ್ರೇನಿಯಾ ಅಥವಾ ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ ಬೈಪೋಲಾರ್ ಕಾಯಿಲೆಯೊಂದಿಗೆ ವರ್ಷಗಟ್ಟಲೆ ಬದುಕಿದವರ ಮನೆಗೆ ವೈದ್ಯರ ಸಲಹೆ, ನೆಂಟರ ಬುದ್ಧಿಮಾತು ಬೇಕಾದಷ್ಟು ಬಂದಿರುತ್ತವೆ. ಬಾರದೆ ಉಳಿದಿರುವುದು ಹೇಳಿದ ದಿನ, ಹೇಳಿದ ಹೊತ್ತಿಗೆ ಬಂದು ಜೊತೆಗೆ ಕೂರುವ ಒಬ್ಬ ಮನುಷ್ಯ.

ಮೊದಲ ಹಂತ ಸುಲಭದ್ದು: ನೀವಾಗಿಯೇ ಯಾರ ಮನೆಯ ಬಾಗಿಲನ್ನೂ ತಟ್ಟದೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದ ಮೂಲಕ ಅಥವಾ ಅವರಿಗೆ ಚಿಕಿತ್ಸೆ ನೀಡುತ್ತಿರುವ ವೈದ್ಯರ ಮೂಲಕ ಹೋಗಿ. ಮನೆಯವರು ಒಪ್ಪಿದರೆ ಸಾಲದು, ಭೇಟಿಗೆ ಆ ವ್ಯಕ್ತಿಯೇ ಒಪ್ಪಬೇಕು. ಫೋಟೊ ಮಾತ್ರ ಬೇಡವೇ ಬೇಡ. ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕೆಂಬ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಅವರಿಗೆ ಕೊಟ್ಟಿರುವಾಗ, ನಿಮ್ಮ ವಾಟ್ಸಾಪ್ ಸ್ಟೇಟಸ್ಸಿಗೆ ಅವರ ಮುಖ ಏಕೆ?

ಎರಡನೆಯದು, ದಿನ ಗೊತ್ತುಪಡಿಸುವುದು. ವಾರಕ್ಕೆ ಒಂದು ದಿನ, ಒಂದು ಗಂಟೆ ಸಾಕು.

ಮೊದಮೊದಲ ಭೇಟಿಗಳಲ್ಲಿ ಎದುರುಬದುರು ಕೂರಬೇಡಿ, ಅದು ವಿಚಾರಣೆಯಂತೆ ಕಾಣುತ್ತದೆ. ಪಕ್ಕಕ್ಕೆ ಕುಳಿತು, ನಡುವೆ ಒಂದು ಮೊರ ಇಟ್ಟುಕೊಂಡು ಶೇಂಗಾ ಸುಲಿಯಿರಿ. ಕೈಗೆ ಕೆಲಸವಿದ್ದಾಗ ಮೌನ ಯಾರಿಗೂ ಭಾರವಾಗುವುದಿಲ್ಲ. ಕೆಲವು ಮಾತ್ರೆಗಳಿಂದ ಕೈ ನಡುಗುವುದುಂಟು. ಚಹಾದ ಕಪ್ಪನ್ನು ಅರ್ಧ ಮಾತ್ರ ತುಂಬಿಸಿ ಕೊಡಿ, ಕಾರಣ ಹೇಳಬೇಡಿ.

ಇನ್ನು ಕಷ್ಟದ ಹಂತ. ಎರಡನೆಯ ತಿಂಗಳಲ್ಲೋ ಮೂರನೆಯ ತಿಂಗಳಲ್ಲೋ ಅವರಿಗೆ ನಿಮ್ಮಲ್ಲಿ ನಂಬಿಕೆ ಹುಟ್ಟುತ್ತದೆ, ಆಗ ತಮಗೆ ಮಾತ್ರ ಕೇಳಿಸುವ ದನಿಯ ಬಗ್ಗೆ ಹೇಳುತ್ತಾರೆ. ನಾನು ಹೋಗುತ್ತಿದ್ದ ಮನೆಯ ಹಿರಿಯರು ಒಂದು ಸಂಜೆ ದನಿ ತಗ್ಗಿಸಿ, "ಗ್ವಾಡಿ ಆಚೆ ಮಂದಿ ನನ್ನ ಬಗ್ಗೇನೇ ಮಾತಾಡ್ಲಾಕತ್ತಾರ" ಎಂದರು. ನಾನು ಎದ್ದು ಹೋಗಿ, ಗೋಡೆಯಾಚೆ ಬರಿಯ ಬಯಲಿದೆ ಎಂದು ಕಿಟಕಿ ತೆರೆದು ತೋರಿಸಿದೆ. ಅವರು ಬಯಲನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಆಮೇಲೆ ಮೂರು ವಾರ ನನ್ನೊಡನೆ ಮಾತಾಡಲಿಲ್ಲ. ಕೇಳುತ್ತಿರುವವರಿಗೆ ಆ ದನಿ ನಮ್ಮ ನಿಮ್ಮ ಮಾತಿನಷ್ಟೇ ಸ್ಪಷ್ಟ, ಆದ್ದರಿಂದ ಸಾಕ್ಷಿ ತೋರಿಸಿದಷ್ಟೂ ನೀವೂ ಆ ಗುಂಪಿನವರೇ ಎಂಬ ಅನುಮಾನ ಬಲಿಯುತ್ತದೆ. ಹಾಗೆಂದು "ಹೌದ್ರಿ, ನನಗೂ ಕೇಳಸ್ತದ" ಎಂದು ತಲೆಯಾಡಿಸುವುದು ಇನ್ನೂ ದೊಡ್ಡ ತಪ್ಪು. ಸುಳ್ಳು ಹೇಳದೆ ವಾದಕ್ಕೂ ಇಳಿಯದೆ, ಅವರ ಸಂಕಟದ ಕಡೆಗೆ ಮಾತು ತಿರುಗಿಸಬೇಕು. ನಾನು ಈಗ ಹೇಳುವುದು ಇಷ್ಟೇ: "ನನಗಂತೂ ಕೇಳ್ಸವಲ್ದು, ಕಾಕಾ. ಖರೆ, ನಿಮಗ ಹಿಂಗ ಕೇಳ್ಸಲಾಕತ್ತದಂದ್ರ ರಾತ್ರಿ ನಿದ್ದಿ ಹೆಂಗ ಬಂದೀತು?" ನಿದ್ದೆಯ ಮಾತು ಬಂದರೆ ಅವರು ಹೇಳುತ್ತಾ ಹೋಗುತ್ತಾರೆ: ಎಷ್ಟು ದಿನದಿಂದ ನಿದ್ದೆಯಿಲ್ಲ, ಮಾತ್ರೆ ಬಿಟ್ಟದ್ದು ಎಂದಿನಿಂದ, ಊಟ ಏಕೆ ಸೇರುತ್ತಿಲ್ಲ. ಅದನ್ನು ವೈದ್ಯರಿಗೆ ತಿಳಿಸುವುದಿದ್ದರೆ, ತಿಳಿಸುತ್ತೇನೆ ಎಂದು ಮೊದಲು ಅವರಿಗೇ ಹೇಳಿ.

ದನಿ ಏನು ಹೇಳುತ್ತಿದೆ ಎಂದೂ ಕೇಳಿ. ಸಾಯುವಂತೆ ಹೇಳುತ್ತಿದೆ ಎಂದರೆ, ಸಾಯುವ ಯೋಚನೆ ಇದೆಯೇ ಎಂದು ನೇರವಾಗಿಯೇ ಕೇಳಬೇಕು; ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅಂಥ ಹೊತ್ತಿನಲ್ಲಿ ಅವರನ್ನು ಒಂಟಿಯಾಗಿ ಬಿಡದೆ, ಮನೆಯವರನ್ನು ಕರೆದು, ತೊಗರಿಗೆ ಹೊಡೆಯುವ ಔಷಧದ ಡಬ್ಬಿ ಮೂಲೆಯಲ್ಲಿದ್ದರೆ ಮೊದಲು ಮನೆಯಿಂದಾಚೆ ಸಾಗಿಸಿ, ವೈದ್ಯರಿಗೆ ಫೋನ್ ಮಾಡಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲಿಯೇ ಮಾತಾಡುತ್ತಾರೆ. ಕ್ಷಣ ತಡೆಯುವಂತಿಲ್ಲದಿದ್ದರೆ 108.

ಮಾತ್ರೆಯ ವಿಷಯದಲ್ಲಿ ನಿಮ್ಮ ಕೈ ಇರಕೂಡದು. ಪುಡಿ ಮಾಡಿ ಸಾರಿನಲ್ಲಿ ಬೆರೆಸಿಕೊಡಿ ಎಂದು ಮನೆಯವರು ಕೇಳಿಕೊಳ್ಳುವುದುಂಟು, ಒಪ್ಪಬೇಡಿ. ಗೊತ್ತಾದ ದಿನ ಅನ್ನದ ಮೇಲಿನ ನಂಬಿಕೆಯೂ ಹೋಗುತ್ತದೆ. ಮಿದುಳು ಚುರುಕಾಗಿಸುವ ಚೂರ್ಣ, ಬಿರುದು ಹೊತ್ತ ಬಾಬಾಗಳ ತಾಯಿತ, ಸಕಾರಾತ್ಮಕ ಚಿಂತನೆಯ ವಿಡಿಯೊ, ಇವೆಲ್ಲ ದುಡ್ಡು ದಂಡ. ದರ್ಗಾಕ್ಕೋ ಶರಣಬಸವೇಶ್ವರ ಗುಡಿಗೋ ಹೋಗಿ ಬಂದರೆ ಮನಸ್ಸಿಗೆ ಹಗುರವೆನ್ನುವವರನ್ನು ನಾನು ತಡೆಯುವುದಿಲ್ಲ, ಮಾತ್ರೆ ಬಿಟ್ಟು ಹೋಗುವುದನ್ನು ಮಾತ್ರ ಒಪ್ಪುವುದಿಲ್ಲ.

ನಮ್ಮ ಬಿಸಿಲಿಗೆ ಬೇರೆಯೇ ಎಚ್ಚರ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ, ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಏರಿ ವಿಷವಾಗಬಹುದು. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳೂ ಅದನ್ನು ಏರಿಸುತ್ತವೆ. ಲಿಥಿಯಂ ತೆಗೆದುಕೊಳ್ಳುವವರಿಗೆ ಕೈ ನಡುಕ ಹೆಚ್ಚಾಗಿ, ವಾಂತಿ ಭೇದಿ ಶುರುವಾಗಿ, ನಡಿಗೆ ತಡವರಿಸಿದರೆ ಸೆಕೆಯೆಂದು ಕೂರಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬೇಸಿಗೆಯ ತಿರುಗಾಟವನ್ನು ಬೆಳಿಗ್ಗೆ ಏಳರೊಳಗೆ ಮುಗಿಸಿ, ನೀರಿನ ಬಾಟಲಿ ಜೊತೆಗಿರಲಿ.

ಕೊನೆಯದು ಬಿಟ್ಟು ಹೋಗುವ ರೀತಿ. ಊರಿಗೆ ಹೋಗುವುದಿದ್ದರೂ, ಈ ಕೆಲಸವನ್ನೇ ನಿಲ್ಲಿಸುವುದಿದ್ದರೂ ಒಂದು ತಿಂಗಳು ಮೊದಲೇ ಹೇಳಿ, ಬರುವ ಕೊನೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಅವರ ಕೈಯಿಂದಲೇ ಗುರುತು ಹಾಕಿಸಿ. ಬರಲಾಗದ ವಾರ ಫೋನ್ ಮಾಡಿ, ಮನೆಯವರ ಕೈಗಲ್ಲ, ಅವರ ಕೈಗೇ ಫೋನ್ ಕೊಡಲು ಹೇಳಿ. ಆ ಹಿರಿಯರು ನಾನು ಬರುವ ಗುರುವಾರಗಳಿಗೆಲ್ಲ ಪೆನ್ಸಿಲಿನಿಂದ ಸುತ್ತು ಹಾಕಿಡುತ್ತಿದ್ದರು, ಬಂದು ಕುಳಿತ ಮೇಲೆ ಅದರ ಮೇಲೊಂದು ಗೀಟು ಎಳೆಯುತ್ತಿದ್ದರು.